ಪಿನ್‌ಬಾಲ್ ಮಿಷನ್ನಿನ ಗಂಟಲು

ಕಿವಿ ಮೇಷ್ಟ್ರ ತಲೆಗೆ ಕೊಲೆಯ ಯೋಚನೆ ಮೊದಲ ಸಲ ಬಂದಿದ್ದು ಒಂದು ಸೋಮವಾರ ಬೆಳಿಗ್ಗೆ. ಬಲಗೈಯಲ್ಲಿ ಬಿಸಿ ಸೋಲ್ಡರಿಂಗ್ ಕಡ್ಡಿ ಹಿಡಿದು, ಎಡಗಿವಿಯನ್ನು ಒಂದು ಹಳೇ ವಾಲ್ವ್ ರೇಡಿಯೊದ ಬೆನ್ನಿಗೆ ಆನಿಸಿಕೊಂಡು ಅವರು ಉಸಿರು ಬಿಗಿಹಿಡಿದು ಕೂತಿದ್ದರು. ರೇಡಿಯೊದ ಒಳಗೆ ಎಲ್ಲೋ ಒಂದು ಸಣ್ಣ ಗುಂಯ್ ಸದ್ದು ಅಡಗಿ ಕೂತಿತ್ತು. ಅದರ ಜಾಡು ಹಿಡಿದು ಇನ್ನೇನು ಸಿಕ್ಕೇಬಿಟ್ಟಿತು ಅನ್ನುವಾಗ ಗೋಡೆಯ ಆಚೆಯಿಂದ ಪಿನ್‌ಬಾಲ್ ಮಿಷನ್ ಟರ್ರ್ ಟೊಂಯ್ ಎಂದು ಅರಚಿತು. ಮೇಷ್ಟ್ರು ಬೆಚ್ಚಿಬಿದ್ದರು, ಕಡ್ಡಿ ಎಡಗೈ ಹೆಬ್ಬೆರಳಿಗೆ ತಾಗಿತು, ಗುಂಯ್ ಸದ್ದು ಕೈತಪ್ಪಿ ಹೋಯಿತು. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ಅವರು ಗೋಡೆಯನ್ನೇ ದಿಟ್ಟಿಸಿದರು. ಇದರ ಗಂಟಲು ಹಿಸುಕದೆ ತನಗೆ ಉಳಿಗಾಲವಿಲ್ಲ ಅನ್ನುವುದು ಅವರಿಗೆ ಖಚಿತವಾಯಿತು.

ಮೇಷ್ಟ್ರು ಜನ್ಮದಲ್ಲಿ ಯಾರಿಗೂ ಪಾಠ ಹೇಳಿದವರಲ್ಲ. ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಅವರ ಕಸುಬು. ಬೇರೆಯವರು ಮೀಟರ್ ಹಚ್ಚಿ ತಲೆ ಕೆರೆದುಕೊಳ್ಳುವ ಕಡೆ ಇವರು ಸುಮ್ಮನೆ ಕಿವಿಯಿಟ್ಟು ಕಾಯಿಲೆ ಹೇಳುತ್ತಿದ್ದರಿಂದ ಬೀದಿಯವರು ಆ ಹೆಸರಿಟ್ಟಿದ್ದರು. ಹೊರಗೆ ಅವರು ಅಯ್ಯೋ ಅದೆಲ್ಲ ಏನಿಲ್ಲ ಅನ್ನುತ್ತಿದ್ದರು, ಒಳಗೊಳಗೆ ಆ ಹೆಸರಿಗಾಗಿಯೇ ಬದುಕಿದ್ದರು. ಈಗ ಬೆಂಚಿನ ಮೇಲಿದ್ದ ರೇಡಿಯೊ ಒಬ್ಬ ನಿವೃತ್ತ ವಾರ್ತಾ ವಾಚಕಿಯದು. ಆಕೆ ತಿಂಗಳಿಂದ ಓಡಾಡಿ ಸಾಕಾಗಿ, ಕಳೆದ ವಾರ ವಾರ್ತೆ ಓದುವ ಧ್ವನಿಯಲ್ಲೇ, ನಿಮ್ಮ ಕಿವಿಗೂ ರಿಪೇರಿ ಬೇಕೇನೋ ನೋಡಿಸಿಕೊಳ್ಳಿ ಎಂದು ಹೇಳಿ ಹೋಗಿದ್ದರು. ಆ ಮಾತು ಮೇಷ್ಟ್ರಿಗೆ ಮುಳ್ಳಿನ ಹಾಗೆ ನೆಟ್ಟಿತ್ತು.

ಹೋಗಿ ಮಿಷನ್ನಿನ ಯಜಮಾನನಿಗೆ ಎರಡು ಮಾತು ಹೇಳಿ ಬರಬಹುದಿತ್ತಲ್ಲ ಅನ್ನಬೇಡಿ. ಯಜಮಾನ ಅಂದರೆ ಅವರ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಪಕ್ಕದ ಸಲೂನು ಅವನದು. ನಿಜ ಹೇಳಬೇಕೆಂದರೆ ಮೇಷ್ಟ್ರು ಕೂತಿದ್ದ ಅಂಗಡಿಯೂ ಅವನದೇ. ಸಲೂನಿನ ಮಧ್ಯೆ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿ, ಈ ಕಡೆಯ ಅರ್ಧವನ್ನು ಬಾಡಿಗೆ ಗೀಡಿಗೆ ಅನ್ನದೆ ಮೇಷ್ಟ್ರಿಗೆ ಬಿಟ್ಟುಕೊಟ್ಟಿದ್ದ. ಅಂಥವನ ಮುಂದೆ ಸದ್ದಿನ ವಿಷಯ ಎತ್ತುವುದು ಹೇಗೆ? ಅದೂ ಆ ಮಿಷನ್ನಿನ ವಿಷಯ. ಮುಚ್ಚಿಹೋದ ಒಂದು ಆಟದ ಮನೆಯಿಂದ ಅವನು ಅದನ್ನು ತಳ್ಳುಗಾಡಿಯಲ್ಲಿ ತಾನೇ ತಳ್ಳಿಕೊಂಡು ತಂದಿದ್ದ. ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡು ಚಿಮ್ಮಿಸಿ, ಅದು ಕೆಳಗೆ ಜಾರದಂತೆ ಹೊಡೆಯುತ್ತಾ ಅಂಕ ಗಳಿಸುವ ಆಟ, ಕಾಯುವ ಗಿರಾಕಿಗಳಿಗೆ ಬಿಟ್ಟಿ. ಅದರ ತಲೆಯ ಮೇಲಿನ ಗಾಜಿನಲ್ಲಿ ನಕ್ಷತ್ರಗಳ ನಡುವೆ ಸಿಂಹದ ಮೇಲೆ ಕೂತ ಒಬ್ಬ ಹೆಂಗಸಿನ ಚಿತ್ರ ಇತ್ತು. ದಿನಾ ಬೆಳಿಗ್ಗೆ ಷಡ್ಡಕ ತನ್ನ ಕನ್ನಡಿಗಳಿಗಿಂತ ಮೊದಲು ಆ ಹೆಂಗಸಿನ ಮುಖ ಒರೆಸುತ್ತಿದ್ದ. ಈ ವಿಷಯವಾಗಿ ಅವನ ಹೆಂಡತಿಗೂ ಸ್ವಲ್ಪ ಬೇಜಾರಿತ್ತು.

ಮಿಷನ್ನಿನ ಬೆನ್ನು ಪ್ಲೈವುಡ್ಡಿಗೆ, ಪ್ಲೈವುಡ್ಡಿನ ಈಚೆ ಮೇಷ್ಟ್ರ ಬೆಂಚು. ಅದರ ಸ್ಪೀಕರಿನ ಕಾಗದ ಹರಿದು ಯಾವುದೋ ಕಾಲವಾಗಿತ್ತು. ಗುಂಡು ಬಡಿದಾಗ ಬರಬೇಕಾದ ಗಂಟೆ ಸದ್ದು ನೆಗಡಿಯಾದ ಮೇಕೆಯ ಹಾಗೆ ಬರುತ್ತಿತ್ತು. ಗುಂಡು ಕೆಳಗೆ ಜಾರಿ ಆಟ ಮುಗಿದಾಗಲಂತೂ ಯಾರನ್ನೋ ಬಾವಿಗೆ ತಳ್ಳಿದ ಹಾಗೆ ಒಂದು ಉದ್ದನೆಯ ಗೊರಗೊರ. ಆ ಸಲೂನಿನಲ್ಲಿ ಯಾರೂ ಚೆನ್ನಾಗಿ ಆಡುತ್ತಿರಲಿಲ್ಲವಾದ್ದರಿಂದ ಬಾವಿಗೆ ಬೀಳುವ ಸದ್ದೇ ಹೆಚ್ಚು.

ಮೇಷ್ಟ್ರು ಶಾಂತವಾಗಿ ಯೋಚಿಸಿದರು. ತಂತಿ ಕತ್ತರಿಸಿದರೆ ಕತ್ತರಿಸಿದ ಗುರುತು ಉಳಿಯುತ್ತದೆ. ಇಲಿ ಕಡಿಯಿತು ಅನ್ನೋಣವೆಂದರೆ ಸಲೂನಿನಲ್ಲಿ ಇಲಿಗೆ ತಿನ್ನಲು ಕೂದಲು ಬಿಟ್ಟರೆ ಏನಿದೆ? ನೀರು ಸುರಿಯುವುದು ಒರಟು ಕೆಲಸ, ಅದು ಕಸುಬು ಬಲ್ಲವನ ಮರ್ಯಾದೆಗೆ ತಕ್ಕದ್ದಲ್ಲ. ಒಳ್ಳೆಯ ಕೊಲೆ ಸಹಜ ಸಾವಿನಂತೆ ಕಾಣಬೇಕು. ಸತ್ತಾಗ ತಾನು ಅಲ್ಲಿರಬಾರದು. ಸತ್ತ ಮೇಲೆ ಪರೀಕ್ಷೆ ಮಾಡಲು ಮಾತ್ರ ತನ್ನನ್ನೇ ಕರೆಯಬೇಕು. ಹೀಗೆಲ್ಲ ಲೆಕ್ಕ ಹಾಕುತ್ತಿರುವಾಗಲೇ ಷಡ್ಡಕ ಹೆಗಲ ಮೇಲೆ ಟವೆಲು ಹಾಕಿಕೊಂಡು ತಾನಾಗಿಯೇ ಬಾಗಿಲಲ್ಲಿ ಬಂದು ನಿಂತ.

"ತಮ್ಮಾ, ನಮ್ಮ ಮಿಷನ್ನಿನ ಗಂಟಲು ಪೂರ್ತಿ ಕೂತುಹೋಗಿದೆ. ನಿನ್ನ ಕೈಯಿಂದಾನೇ ಒಂದು ಹೊಸ ಸ್ಪೀಕರ್ ಹಾಕಿಸಿಬಿಡೋಣ ಅಂತ."

ಮೇಷ್ಟ್ರಿಗೆ ನಗು ಉಕ್ಕಿ ಬಂತು. ಅದನ್ನು ಕೆಮ್ಮು ಮಾಡಿ ನುಂಗಿದರು. ಅದಕ್ಕೇನಂತೆ ಭಾವ, ಮನೆ ಕೆಲಸ ಇದ್ದ ಹಾಗೆ ಅಂದರು.

ಆ ದಿನವಿಡೀ ಕೂತು ಅವರು ಉಪಾಯವನ್ನು ಪಾಲಿಶ್ ಮಾಡಿದರು. ಸ್ಪೀಕರಿಗೆ ಎರಡು ತಂತಿ. ಎರಡನ್ನೂ ಸೀಸ ಕರಗಿಸಿ ಬೆಸೆಯಬೇಕು. ಬೆಸುಗೆ ಆರುವ ಹೊತ್ತಿನಲ್ಲಿ ತಂತಿಯನ್ನು ಕೂದಲೆಳೆಯಷ್ಟು ಅಲುಗಿಸಿದರೆ ಸಾಕು, ಹೊರಗಿನಿಂದ ಅಂಟಿದ ಹಾಗೆ ಕಾಣುತ್ತದೆ, ಒಳಗೆ ಅಂಟಿರುವುದಿಲ್ಲ. ಸ್ವಲ್ಪ ದಿನ ಕೆಲಸ ಮಾಡುತ್ತದೆ. ಗುಂಡಿನ ಬಡಿತ, ಗಿರಾಕಿಗಳ ಗುದ್ದು ತಿಂದು ತಿಂದು ಒಂದು ದಿನ ಒಳಗೇ ಬಿಟ್ಟುಕೊಳ್ಳುತ್ತದೆ. ಆಗ ಮೇಷ್ಟ್ರು ಹೋಗಿ ಮೀಟರ್ ಹಚ್ಚಿ, ಸ್ಪೀಕರ್ ಗಟ್ಟಿಯಾಗಿದೆ ಭಾವ, ಹೋಗಿರುವುದು ಸದ್ದು ಹುಟ್ಟಿಸುವ ಬೋರ್ಡು, ಅದರ ಭಾಗ ಈಗ ಭೂಮಿಯ ಮೇಲೆ ಸಿಗುವುದಿಲ್ಲ ಅಂದುಬಿಟ್ಟರೆ ಮುಗಿಯಿತು. ಆಯುಧ ಒಂದು ಹನಿ ಸೀಸ. ಅದನ್ನು ಯಾವ ಪೊಲೀಸು ತಾನೇ ಹುಡುಕುತ್ತಾನೆ?

ತೊಡಕು ಬಂದದ್ದು ಅಭ್ಯಾಸಕ್ಕೆ ಕೂತಾಗ. ಹರಕು ತಂತಿಗಳನ್ನು ಹರಡಿಕೊಂಡು ಮೇಷ್ಟ್ರು ಕೆಟ್ಟ ಬೆಸುಗೆ ಹಾಕಲು ನೋಡಿದರೆ ಎಲ್ಲವೂ ಫಳಫಳ ಹೊಳೆಯುತ್ತ ಒಳ್ಳೆಯದಾಗಿಯೇ ಬಂದವು. ಜೀವಮಾನವಿಡೀ ಕೂಡಿಸಿಟ್ಟ ಒಳ್ಳೆಯ ಅಭ್ಯಾಸ ಕೈ ಬಿಡಲು ಒಪ್ಪಲಿಲ್ಲ. ಕಣ್ಣು ಮುಚ್ಚಿಕೊಂಡು ಹಾಕಿದರು, ಎಡಗೈಯಲ್ಲಿ ಹಾಕಿದರು, ಬೇಕೆಂದೇ ಸೀನಿಕೊಂಡು ಹಾಕಿದರು. ಸಂಜೆಯ ಹೊತ್ತಿಗೆ ಒಂದು ಬೆಸುಗೆ ಮಂಕಾಗಿ, ಬೂದು ಬಣ್ಣವಾಗಿ, ನೋಡಿದರೆ ಹೇಸಿಗೆಯಾಗುವಂತೆ ಬಂತು. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ಹೆಮ್ಮೆಯಿಂದ ನೋಡಿದರು. ಇಷ್ಟು ಕೆಟ್ಟ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡುವವನು ಈ ಊರಿನಲ್ಲಿ ಇನ್ನೊಬ್ಬನಿಲ್ಲ ಅನ್ನಿಸಿತು.

ಕೆಲಸದ ದಿನ ಸಲೂನಿನಲ್ಲಿ ಜನವೋ ಜನ. ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡವರೂ ಕುರ್ಚಿ ತಿರುಗಿಸಿಕೊಂಡು ಕೂತರು. ಷಡ್ಡಕ ಗಾಜು ಜಾರಿಸಿ ತೆಗೆದ. ಮೇಷ್ಟ್ರು ಆಟದ ಹಲಗೆಯನ್ನು ಮೇಲೆತ್ತಿ ಊರುಗೋಲು ಕೊಟ್ಟು ನಿಲ್ಲಿಸಿದರು. ಕೆಳಗೆ ತಂತಿಗಳ ಕಾಡು, ತಳದಲ್ಲಿ ಹರಿದ ಸ್ಪೀಕರು, ಅದರ ಪಕ್ಕದಲ್ಲಿ ಎಂದೋ ಕಳೆದುಹೋಗಿದ್ದ ಒಂದು ಬಾಚಣಿಗೆ. ನಾಲ್ಕು ತಿರುಪು ಬಿಚ್ಚಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದರು. ಹೊಸ ಸ್ಪೀಕರ್ ಬಹಳ ಒಳ್ಳೆಯದು. ಹೇಗೂ ಸಾಯುವ ಮಿಷನ್ನಿಗೆ ಅಗ್ಗದ್ದೊಂದು ಹಾಕಿದ್ದರೆ ನಡೆಯುತ್ತಿತ್ತು, ಆದರೆ ಅಂಗಡಿಯಲ್ಲಿ ಆರಿಸುವಾಗ ಮೇಷ್ಟ್ರಿಗೆ ಮನಸ್ಸು ಬಂದಿರಲಿಲ್ಲ. ಮೊದಲ ತಂತಿಗೆ ಹೊಳೆಯುವ ಬೆಸುಗೆ. ಎರಡನೆಯದಕ್ಕೆ ಕಡ್ಡಿ ತಾಗಿಸಿ, ಸೀಸ ಆರುವ ಹೊತ್ತಿಗೆ ಸರಿಯಾಗಿ ಒಂದು ಸೀನು. ತಂತಿ ಕೂದಲೆಳೆಯಷ್ಟು ಅಲುಗಿತು. ಯಾರೋ ನೂರು ವರ್ಷ ಬಾಳಿ ಎಂದು ಹರಸಿದರು.

ಮಿಷನ್ ಹಚ್ಚಿದಾಗ ಸಲೂನು ಸಲೂನೇ ಹಾ ಅಂದಿತು. ತುತ್ತೂರಿ ತುತ್ತೂರಿಯ ಹಾಗೆ, ಗಂಟೆ ಗಂಟೆಯ ಹಾಗೆ ಕೇಳಿಸಿತು. ಇಷ್ಟು ದಿನ ಮಿಷನ್ನಿನ ಕೆಮ್ಮು ಅಂದುಕೊಂಡಿದ್ದು ಅಸಲಿಗೆ ಸಿಂಹದ ಮೇಲಿನ ಹೆಂಗಸಿನ ಮಾತು ಅಂತ ಅವತ್ತು ಗೊತ್ತಾಯಿತು. ಯಾವುದೋ ದೇಶದ ಭಾಷೆ, ಯಾರಿಗೂ ತಿಳಿಯಲಿಲ್ಲ, ಆದರೆ ಬೈಯುತ್ತಿದ್ದಾಳೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಷಡ್ಡಕನ ಕಣ್ಣಲ್ಲಿ ನೀರು ಬಂತು. ಮೇಷ್ಟ್ರನ್ನು ಕೈಹಿಡಿದು ಕುರ್ಚಿಯಲ್ಲಿ ಕೂರಿಸಿ, ಬೇಡವೆಂದರೂ ಕೇಳದೆ ತಲೆಗೆ ಎಣ್ಣೆ ಹಾಕಿ ತಿಕ್ಕಿದ. ಮೇಷ್ಟ್ರು ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಳ್ಳಲಿಲ್ಲ.

ಆಮೇಲಿನ ದಿನಗಳು ನರಕ. ಮೊದಲು ಮೇಕೆ ಅರಚುತ್ತಿದ್ದ ಕಡೆ ಈಗ ಇಡೀ ಬ್ಯಾಂಡ್ ಬಾಜಾ. ಮೇಷ್ಟ್ರ ಬೆಂಚಿನ ಮೇಲಿನ ಸ್ಕ್ರೂಗಳು ತಾಳಕ್ಕೆ ಕುಣಿಯತೊಡಗಿದವು. ಕೆಟ್ಟ ಬೆಸುಗೆ ಬಿಡುವ ಲಕ್ಷಣವೇ ಕಾಣಲಿಲ್ಲ. ಅದೂ ಅವರ ಕೈಯ ಕೆಲಸವೇ ತಾನೆ, ಕೆಟ್ಟಿದ್ದರೂ ಗಟ್ಟಿ. ಕೊನೆಗೆ ತಡೆಯಲಾರದೆ ಮೇಷ್ಟ್ರು ತಾವೇ ಹೋಗಿ ಆಡುವ ನೆಪದಲ್ಲಿ ಮಿಷನ್ನನ್ನು ಸೊಂಟದಿಂದ ಗುದ್ದಿದರು. ಹೀಗೆ ಗುದ್ದುವವರನ್ನು ಕಂಡರೆ ಆ ಮಿಷನ್ನಿಗೆ ಆಗದು. ಆಟ ಅಲ್ಲೇ ನಿಲ್ಲಿಸಿ ಸಿಂಹದ ಹೆಂಗಸು ಬೈಗುಳ ಶುರು ಮಾಡಿದಳು. ಮೇಷ್ಟ್ರಿಗೂ ಆಟದ ರುಚಿ ಹತ್ತಿತು ನೋಡಿ ಎಂದು ಜನ ಸಂತೋಷಪಟ್ಟರು.

ಬೆಸುಗೆ ಬಿಟ್ಟುಕೊಂಡಿದ್ದು ಒಂದು ಮಧ್ಯಾಹ್ನ, ಷಡ್ಡಕ ಆಡುತ್ತಿದ್ದಾಗ. ಅವನ ಜನ್ಮದಲ್ಲೇ ಆಗದಷ್ಟು ಅಂಕ ಏರಿತ್ತು, ಜನ ಸುತ್ತ ನಿಂತಿದ್ದರು, ತುತ್ತೂರಿ ಮೊಳಗಲು ಉಸಿರೆಳೆದುಕೊಂಡಂತೆ ಮಾಡಿ ಟಕ್ಕನೆ ನಿಂತಿತು. ದೀಪಗಳು ಮಿನುಗುತ್ತಿದ್ದವು, ಗುಂಡು ಓಡಾಡುತ್ತಿತ್ತು, ಸದ್ದು ಮಾತ್ರ ಇಲ್ಲ. ಮೇಷ್ಟ್ರನ್ನು ಕೂಗಿದರು. ಮೇಷ್ಟ್ರು ಬೇಕೆಂದೇ ನಿಧಾನವಾಗಿ ಹೋದರು. ಟಾರ್ಚು ಬಿಟ್ಟು ನೋಡಿದರು, ಯಾರಿಗೂ ಅರ್ಥವಾಗದ ಕಡೆ ಮೀಟರಿನ ಕಡ್ಡಿ ಇಟ್ಟರು, ಮುಳ್ಳು ಅಲ್ಲಾಡಿದ್ದಕ್ಕೆ ತಲೆಯಲ್ಲಾಡಿಸಿದರು. ಆಮೇಲೆ ಷಡ್ಡಕನ ಹೆಗಲ ಮೇಲೆ ಕೈಯಿಟ್ಟು, ಸ್ಪೀಕರ್ ಕಲ್ಲಿನ ಹಾಗಿದೆ, ಬೋರ್ಡು ಹೋಗಿದೆ, ಅದನ್ನು ಮಾಡುತ್ತಿದ್ದ ಕಂಪನಿಯೇ ಈಗಿಲ್ಲ ಅಂದರು. ಷಡ್ಡಕ ಹೆಗಲ ಮೇಲಿನ ಟವೆಲು ತೆಗೆದುಕೊಂಡ. ಸಿಂಹದ ಹೆಂಗಸಿನ ಮುಖವನ್ನು ಒಂದು ಸಲ ಒರೆಸಿ ಗಿರಾಕಿಯ ಹತ್ತಿರ ಹೋದ.

ಅವತ್ತಿನಿಂದ ಸ್ವರ್ಗ. ಮೇಷ್ಟ್ರು ಬಾಗಿಲಿಗೆ ಮಾತು ಬೇಡ ಎಂದು ಬರೆದ ಒಂದು ರಟ್ಟು ನೇತುಹಾಕಿ, ಬಂದ ಗಿರಾಕಿಗಳ ಹತ್ತಿರ ಕೈಸನ್ನೆಯಲ್ಲೇ ವ್ಯವಹಾರ ಮುಗಿಸಿ, ತಾವೂ ತುಟಿ ಬಿಚ್ಚದೆ ನಿಶ್ಶಬ್ದವನ್ನು ಪಾಯಸದ ಹಾಗೆ ಸವಿದರು. ವಾಚಕಿಯ ರೇಡಿಯೊದ ಗುಂಯ್ ಸದ್ದು ತಾನಾಗಿಯೇ ಬಂದು ಕಿವಿಗೆ ಬಿತ್ತು. ಒಂದು ಮುದಿ ಕಂಡೆನ್ಸರ್, ಅಷ್ಟೆ. ಅದನ್ನು ಬದಲಿಸಿ ಕೊಟ್ಟಾಗ ವಾಚಕಿ ಕಿವಿಗೊಟ್ಟು ಕೇಳಿ, ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದ ಮೇಷ್ಟ್ರಿಗೆ ಸದ್ದಿಲ್ಲದೆ ಕೈಮುಗಿದು ಹೋದರು.

ಇನ್ನೊಂದು ಹೊಸ ಸುಖವೂ ಸಿಕ್ಕಿತು. ಸಲೂನಿನ ಮಾತೆಲ್ಲ ಈಗ ಕೂತಲ್ಲೇ ಕೇಳಿಸುತ್ತಿತ್ತು. ಯಾರ ಮಗಳ ಮದುವೆ ಮುರಿಯಿತು, ಯಾರು ತಲೆಗೆ ಬಣ್ಣ ಹಾಕಿಸುತ್ತಾರೆ, ಎಲ್ಲ ರೇಡಿಯೊ ನಾಟಕದಷ್ಟು ಸ್ಪಷ್ಟ. ಕತ್ತರಿಯ ಕಿಚಕಿಚ ಕೂಡ. ಅದರ ನಡುವೆ ಷಡ್ಡಕ ತನಗೆ ತಾನೇ, ಬಾಯಲ್ಲೇ, ಟಿಣ್ ಟಿಣ್ ಅಂದುಕೊಳ್ಳುವುದೂ ಕೇಳಿಸಿತು.  ಬಾಡಿಗೆಯಿಲ್ಲದ ನೆರಳು ಕೊಟ್ಟವನ ಮನೆಗೇ ಕನ್ನ ಹಾಕಿದೆನಲ್ಲ ಅನ್ನಿಸಿ ಮೇಷ್ಟ್ರಿಗೆ ನಿಜವಾಗಿಯೂ ನಾಚಿಕೆಯಾಯಿತು. ಇದು ಬಯಲಾದರೆ ಅಂಗಡಿ ಹೋಗುತ್ತದೆ, ಅಕ್ಕತಂಗಿಯರ ನಡುವೆ ಮಾತು ನಿಲ್ಲುತ್ತದೆ, ಬೀದಿಯಲ್ಲಿ ತಲೆಯೆತ್ತುವ ಹಾಗಿರುವುದಿಲ್ಲ. ಆದರೆ ಬಯಲಾಗುವುದು ಹೇಗೆ? ಗೊತ್ತಿರುವುದು ತನಗೊಬ್ಬನಿಗೆ. ಅಷ್ಟಕ್ಕೆ ಸಮಾಧಾನ ಮಾಡಿಕೊಂಡು ಅವರು ಕಿವಿಯನ್ನು ಮತ್ತೆ ಗೋಡೆಯ ಕಡೆ ತಿರುಗಿಸಿದರು.

ತಿರುಗಿಸಬಾರದಿತ್ತು. ಸಲೂನಿನಲ್ಲಿ ಈಗ ಮೇಷ್ಟ್ರ ವಿಷಯವೇ ನಡೆದಿತ್ತು. ಪಾಪ, ವಯಸ್ಸಾಯಿತು ಎಂದು ಒಬ್ಬರು. ಬೆಸುಗೆ ಹಾಕುವಾಗ ಕೈ ನಡುಗಿದ್ದನ್ನು ನಾನೇ ಕಣ್ಣಾರೆ ನೋಡಿದೆ ಎಂದು ಇನ್ನೊಬ್ಬರು. ಮೊದಲಿನ ಕೈಯಲ್ಲ ಈಗ, ಹೊಸ ಸ್ಪೀಕರ್ ಹಾಕಿ ಹದಿನೈದು ದಿನಕ್ಕೆ ಮಿಷನ್ನನ್ನೇ ಕೊಂದುಹಾಕಿದರು ಎಂದು ಮತ್ತೊಬ್ಬರು. ಷಡ್ಡಕ, ಹೋಗಲಿ ಬಿಡಿ, ಮನೆಯವನು, ಅವನ ಎದುರಿಗೆ ಆಡಿ ತೋರಿಸಬೇಡಿ, ನೊಂದುಕೊಳ್ಳುತ್ತಾನೆ, ನಾಳೆ ಎದುರು ಬೀದಿಯ ಮೊಬೈಲ್ ರಿಪೇರಿಯವನನ್ನು ಸದ್ದಿಲ್ಲದೆ ಕರೆಸೋಣ ಅಂದ.

ಮೇಷ್ಟ್ರ ಮೈಯೆಲ್ಲ ಉರಿದುಹೋಯಿತು. ಕಳ್ಳ ಅಂದಿದ್ದರೆ ಸಹಿಸಿಕೊಳ್ಳುತ್ತಿದ್ದರು, ದ್ರೋಹಿ ಅಂದಿದ್ದರೂ ಸರಿ. ಕೈ ನಡುಗುತ್ತದಂತೆ! ಅದೂ ಫೋನಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಗುಳ್ಳೆ ತೆಗೆಯಲು ಬಾರದ ಆ ಮೊಬೈಲಿನವನು ತನ್ನ ಬೆಸುಗೆ ನೋಡಿ ನಗುತ್ತಾನಂತೆ! ಜೀವನದ ಅತ್ಯುತ್ತಮ ಕೆಲಸ, ಅದನ್ನು ಹೊಗಳಲು ಒಂದು ನರಪಿಳ್ಳೆ ಇಲ್ಲ. ಈ ತೊಂದರೆ ಉಪಾಯ ಮಾಡುವಾಗ ಅವರಿಗೆ ಹೊಳೆದಿರಲೇ ಇಲ್ಲ.

ಅಷ್ಟು ಹೊತ್ತಿಗೆ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಅವಳ ಮುಖವೂ ಸಪ್ಪಗಿತ್ತು. ಡಬ್ಬಿ ಬಿಚ್ಚುತ್ತಾ ಗಂಡನ ಬಲಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅಕ್ಕ ಹೇಳಿದ್ಲು ರೀ. ಕೈ ನಡುಗುತ್ತಂತೆ, ನಂಗೆ ಯಾಕೆ ಹೇಳ್ಲಿಲ್ಲ? ಒಂದ್ಸಲ ಡಾಕ್ಟರ ಹತ್ರ ಹೋಗಿ ಬರೋಣ."

ಇದು ಕೊನೆಯ ಪೆಟ್ಟು. ಮೇಷ್ಟ್ರು ಎದ್ದು ಬಾಗಿಲು ಎಳೆದುಕೊಂಡು ಬಂದರು. ಬೀದಿಯ ಕಡೆ ಒಮ್ಮೆ, ಕಿಟಕಿಯ ಕಡೆ ಒಮ್ಮೆ ನೋಡಿದರು. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಒಬ್ಬಳಿಗಾದರೂ ಸತ್ಯ ಗೊತ್ತಿರಲಿ ಎಂದು, ದನಿ ತಗ್ಗಿಸಿ, ಗುಟ್ಟಾಗಿ ಶುರು ಮಾಡಿದರು. ನಡುಗಿದ್ದಲ್ಲ ಅದು, ನಡುಗಿಸಿದ್ದು. ಸೀನು ಬಂದಿದ್ದಲ್ಲ, ಬರಿಸಿದ್ದು. ಬೋರ್ಡು ಸರಿಯಾಗಿಯೇ ಇದೆ, ಎಡಗಡೆ ತಂತಿ ಬಿಟ್ಟುಕೊಂಡಿದೆ ಅಷ್ಟೆ, ಮಗ್ಗಿ ಹೇಳುವಷ್ಟು ಹೊತ್ತಿನ ಕೆಲಸ. ಆದರೆ ಬಿಟ್ಟುಕೊಳ್ಳುವ ಹಾಗೆ ಬೆಸೆಯುವುದು ಇದೆಯಲ್ಲ, ಅದಕ್ಕೆ ಎಂಥ ಕೈ ಬೇಕು ಗೊತ್ತಾ? ಹೆಂಡತಿಯ ಕಣ್ಣು ಅಗಲವಾಯಿತು. ಮೇಷ್ಟ್ರಿಗೆ ಹುರುಪು ಬಂತು. ಅವಳು ಅಂಗೈಯನ್ನು ಕೆಳಗೆ ಕೆಳಗೆ ಒತ್ತುತ್ತಾ ಏನೋ ಸನ್ನೆ ಮಾಡಿದಳು. ನಿಧಾನವಾಗಿ ಹೇಳಿ ಅನ್ನುತ್ತಿದ್ದಾಳೆ ಎಂದುಕೊಂಡು ಅವರು ಬೆಸುಗೆಯ ಭಾಗವನ್ನು ಮೊದಲಿನಿಂದ, ಒಂದೊಂದೇ ಪದ ಬಿಡಿಸಿ ಇನ್ನೊಂದು ಸಲ ಹೇಳಿದರು. ಅವಳು ಗೋಡೆ ತೋರಿಸಿದಳು. ಹೂಂ, ಅದೇ, ಆ ಮಿಷನ್ನೇ ಅಂದರು. ಅವಳು ಕೊನೆಗೆ ಸೆರಗಿನಿಂದ ತನ್ನ ಮುಖವನ್ನೇ ಮುಚ್ಚಿಕೊಂಡಳು. ಪಾಪ, ಗಂಡನ ಹೆಮ್ಮೆಗೆ ಅಳುತ್ತಿದ್ದಾಳೆ ಅಂದುಕೊಂಡು ಮೇಷ್ಟ್ರು ಅವಳ ಬೆನ್ನು ತಟ್ಟಿದರು.

ಆಗ ಅವರ ಹೆಸರಾಂತ ಕಿವಿಗೆ ಏನೋ ಒಂದು ಕಡಿಮೆಯಾದದ್ದು ತಿಳಿಯಿತು. ಗೋಡೆಯಾಚೆ ಕತ್ತರಿಯ ಕಿಚಕಿಚ ನಿಂತುಹೋಗಿತ್ತು. ವರ್ಷಗಟ್ಟಲೆ ಆ ಮಿಷನ್ನಿನ ಅಬ್ಬರದ ಮೇಲೆ ಮಾತಾಡಿ ಮಾತಾಡಿ, ಕಿವಿ ಮೇಷ್ಟ್ರ ಪಿಸುಮಾತು ಅಂದರೆ ಬೇರೆಯವರ ಕೂಗಾಗಿತ್ತು. ಊರಿನ ರೇಡಿಯೊಗಳ ದನಿಯನ್ನೆಲ್ಲ ತೂಗಿ ನೋಡಿದವರು ತಮ್ಮ ದನಿಯನ್ನು ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ. ಇಷ್ಟು ಕಾಲ ಅದನ್ನು ಸಲೂನಿಗೆ ಹೋಗದಂತೆ ತಡೆದು ಹಿಡಿದಿದ್ದುದು ಆ ಮಿಷನ್ನೊಂದೇ. "ಅಂದ್ರೆ ಮೇಷ್ಟ್ರ ಕೈ ಸರಿಯಾಗೇ ಇದೆ ಅನ್ನಿ," ಎಂದು ಹಲಗೆಯಾಚೆ ಯಾರೋ ಗಿರಾಕಿ ಸಂತೋಷದಿಂದ ಹೇಳಿದರು. ಆಮೇಲೆ ಷಡ್ಡಕನ ದನಿ ಬಂತು, ತಣ್ಣಗೆ, ಕಿವಿಯ ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ. "ಊಟ ಮುಗಿಸ್ಕೊಂಡೇ ಬಾ ತಮ್ಮಾ, ಅವಸರ ಏನಿಲ್ಲ. ಬರುವಾಗ ಬಿಸಿ ಕಡ್ಡಿ ತಗೊಂಡು ಬಾ. ಹಾಗೇ ಆ ಅಂಗಡಿ ಬೀಗದ ಕೈನೂ."